ನಿಮ್ಮದೇ ಅಂದುಕೊಳ್ಳಿ

ಆ ಕಾರನ್ನು ಹನುಮಂತ ಬಡಿಗೇರ ಮೊದಲ ಸಲ ನೋಡಿದ್ದು ಮೀನಿನ ಬಲೆಗಳ ಅಡಿಯಲ್ಲಿ.

1985ರ ಒಂದು ಭಾನುವಾರ ಹೆಂಡತಿ ಗಿರಿಜಾ, ಎರಡು ವರ್ಷದ ಮಗಳು ವಾಸಂತಿ ಇಬ್ಬರನ್ನೂ ಕರೆದುಕೊಂಡು ವಿಶಾಖಪಟ್ಟಣದಿಂದ ಬಸ್ಸು ಹಿಡಿದು ಭೀಮುನಿಪಟ್ಟಣಕ್ಕೆ ಹೋಗಿದ್ದ. ಸಮುದ್ರದ ಹತ್ತಿರ ಮಗು ನೀರು ಬೇಕೆಂದು ಅಳತೊಡಗಿತು. ದಡದಿಂದ ಸ್ವಲ್ಪ ಮೇಲೆ, ಗಾರೆ ಉದುರಿದ ಹಳೆಯ ಬಂಗಲೆಯೊಂದರ ಗೇಟು ತೆರೆದಿತ್ತು. ಗಿರಿಜಾ ಬಾವಿಯ ಬಳಿ ಮಗುವಿಗೆ ನೀರು ಕುಡಿಸುತ್ತಿದ್ದಾಗ ಹನುಮಂತನ ಕಣ್ಣು ಪಕ್ಕದ ಶೆಡ್ಡಿನ ಕಡೆ ಹೋಯಿತು. ಒಣಬಲೆಗಳ ರಾಶಿಯಿಂದ ತಗಡಿನ ರೆಕ್ಕೆಯೊಂದು ಹೊರಗೆ ಚಾಚಿತ್ತು. ಬಲೆ ಸರಿಸಿದ. ಎರಡನೆಯ ರೆಕ್ಕೆ ಕಂಡಿತು. ಇನ್ನಷ್ಟು ಸರಿಸಿದ. ಹದಿನೆಂಟು ಅಡಿ ಉದ್ದದ, ಹಿಂಬದಿಗೆ ಮೀನಿನಂಥ ಎರಡು ರೆಕ್ಕೆಯ, ಮೇಲೆ ಚಾವಣಿಯಿಲ್ಲದ, ಕೆಂಪು ಬಣ್ಣ ಹಪ್ಪಳದಂತೆ ಎದ್ದು ನಿಂತ ಅಮೆರಿಕದ ಕಾರು. ಹಿಂದಿನ ಸೀಟಿನ ಹರಿದ ಚರ್ಮದ ಮೇಲೆ ಕೋಳಿಯೊಂದು ಕಾವು ಕೂತಿತ್ತು.

"ಏಮಂಡಿ, ಬಂಡಿ ಚೂಸ್ತುನ್ನಾರಾ?"

ಗಾಡಿ ನೋಡುತ್ತಿದ್ದೀರಾ ಎಂದು ಹಿಂದಿನಿಂದ ಕೇಳಿದವರು ಮನೆಯ ಯಜಮಾನರು, ದಕ್ಷಿಣಾಮೂರ್ತಿ ರಾಜು. ಅರವತ್ತು ದಾಟಿದ್ದ ವಿಧುರ. ಒಬ್ಬಳೇ ಮಗಳು ಮದುವೆಯಾಗಿ ವಿಜಯವಾಡದಲ್ಲಿದ್ದಳು. ಹೇಳದೆ ಕೇಳದೆ ಒಳಗೆ ನುಗ್ಗಿದ್ದಕ್ಕೆ ಹನುಮಂತ ಕ್ಷಮೆ ಕೇಳಬೇಕೆನ್ನುವಷ್ಟರಲ್ಲಿ ಅವರು ಕುರ್ಚಿ ತರಿಸಿ, ಕಾಫಿ ತರಿಸಿ, ಕಾರಿನ ಕಥೆ ಹೇಳತೊಡಗಿದರು. ಅದು 1957ರ ಕ್ರೈಸ್ಲರ್. ವಿಶಾಖಪಟ್ಟಣದಲ್ಲಿ ಕಾರ್ಖಾನೆ ಕಟ್ಟಲು ಬಂದಿದ್ದ ಅಮೆರಿಕದ ಇಂಜಿನಿಯರೊಬ್ಬ ಹಡಗಿನಲ್ಲಿ ತಂದದ್ದು. ವಾಪಸು ಹೋಗುವಾಗ ರಾಜುಗಾರು ಕೊಂಡುಕೊಂಡರು. ಎಂಟು ಸಿಲಿಂಡರಿನ ಇಂಜಿನ್. ಗೇರ್ ಹಾಕಲು ಕೋಲಿಲ್ಲ, ರೇಡಿಯೋಗೆ ಇರುವ ಹಾಗೆ ಒತ್ತುವ ಗುಂಡಿಗಳು. ಎಪ್ಪತ್ತಮೂರರಲ್ಲಿ ಪೆಟ್ರೋಲಿನ ಬೆಲೆ ಬೆಂಕಿಯಾದ ಮೇಲೆ ನಿಂತ ಗಾಡಿ, ನಿಂತೇ ಇದೆ.

ಹನುಮಂತ ಅಷ್ಟರಲ್ಲಿ ಬಾನೆಟ್ಟು ಎತ್ತಿ ತಲೆ ಒಳಗಿಟ್ಟಿದ್ದ. ರೋಣ ತಾಲೂಕಿನ ಹಳ್ಳಿಯೊಂದರಲ್ಲಿ ಎತ್ತಿನ ಗಾಡಿಗೆ ಗಾಲಿ ಕೂಡಿಸುವ ಬಡಿಗೇರ ಮನೆತನ ಅವನದು. ಆ ಮನೆತನದಲ್ಲಿ ಕಾಲೇಜು ಕಂಡವನು ಅವನೊಬ್ಬನೇ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ, ಉಕ್ಕಿನ ಕಾರ್ಖಾನೆಯ ಕೆಲಸ ಸಿಕ್ಕಿ, ಹಿಂದಿನ ವರ್ಷವಷ್ಟೇ ವಿಶಾಖಪಟ್ಟಣಕ್ಕೆ ಬಂದಿದ್ದ. ಕಾರ್ಖಾನೆಯಲ್ಲಿ ಅವನ ಪಾಲಿಗೆ ಬಂದದ್ದು ಕ್ರೇನುಗಳ ದುರಸ್ತಿಯ ಕಾಗದಪತ್ರ. ಸ್ಪಾನರ್ ಹಿಡಿಯುವುದು ಕೆಳಗಿನವರ ಕೆಲಸ, ಸಹಿ ಹಾಕುವುದು ಅವನ ಕೆಲಸ. ಇಲ್ಲಿ ಕೈಗೆ ಕಿಲುಬು ಮೆತ್ತಿಕೊಂಡಿದ್ದೇ ಅವನಿಗೆ ಹಸಿವಾದಂತಾಯಿತು.

"ಇದು ಓಡ್ತದ್ರೀ," ಎಂದ, ತಾನು ಕನ್ನಡದಲ್ಲಿ ಮಾತಾಡಿದ್ದು ತಿಳಿಯದೆ.

ರಾಜುಗಾರಿಗೆ ಅರ್ಥವಾಯಿತು. ನಕ್ಕರು. "ಬಾಗು ಚೇಯಂಡಿ," ಎಂದರು. "ಬಂಡಿ ಮೀದೇ ಅನುಕೋಂಡಿ." ರಿಪೇರಿ ಮಾಡಿ, ಗಾಡಿ ನಿಮ್ಮದೇ ಅಂದುಕೊಳ್ಳಿ.

ವಾಪಸು ಬರುವ ಬಸ್ಸಿನಲ್ಲಿ ಗಿರಿಜಾ ಕೇಳಿದಳು. "ಅಷ್ಟೊತ್ತು ಏನ ಮಾತಾಡಿದ್ರೀ ಅವರ ಕೂಡ?"

"ರಿಪೇರಿ ಮಾಡಿದ್ರ ಗಾಡಿ ನಂದ ಅಂದ್ರು."

"ನಿಮ್ಮದು ಅಂದ್ರೋ, ನಿಮ್ಮದು ಅಂದ್ಕೋರಿ ಅಂದ್ರೋ?"

"ಎರಡೂ ಒಂದ ಅಲ್ಲೇನು?"

"ನಮ್ಮವ್ವ ಬಂದ ಬೀಗರಿಗೆಲ್ಲಾ ಇದು ನಿಮ್ಮ ಮನಿ ಅಂದ್ಕೋರಿ ಅಂತಿದ್ಲು. ಯಾರೂ ಹಾಸಿಗಿ ಸುತಗೊಂಡ ಬಂದು ಇದ್ದಬಿಡ್ಲಿಲ್ಲ."

ಹನುಮಂತ ನಕ್ಕುಬಿಟ್ಟ. ಆ ಮಾತು ನೆನಪಿಡಬೇಕಾದದ್ದು ಎಂದು ಅವನಿಗೆ ಆಗ ಅನ್ನಿಸಲಿಲ್ಲ.

ಅಲ್ಲಿಂದ ಮುಂದೆ ಅವನ ಭಾನುವಾರಗಳೆಲ್ಲ ಭೀಮುನಿಪಟ್ಟಣದಲ್ಲೇ ಕಳೆದವು. ಮೊದಲ ಬಸ್ಸಿಗೆ ಹೋಗುವುದು, ಹೊತ್ತು ಮುಳುಗುವ ಮೊದಲು ಬರುವುದು. ಕಡಲ ಉಪ್ಪುಗಾಳಿ ಕಾರಿನ ಹೊಟ್ಟೆಯನ್ನು ಗೆದ್ದಲಿನಂತೆ ತಿಂದಿತ್ತು. ಕಾಲಿಡುವ ತಗಡಿನಲ್ಲಿ ತೂತು ಎಷ್ಟಿದ್ದವೆಂದರೆ ಒಳಗೆ ಕೂತವನಿಗೆ ನೆಲದ ಮೇಲೆ ಓಡಾಡುವ ಏಡಿ ಕಾಣುತ್ತಿತ್ತು. ಒಂದೊಂದೇ ಭಾಗ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಚೀಟಿ ಕಟ್ಟಿ, ಹಳೆಯ ಅಕ್ಕಿ ಡಬ್ಬಿಗಳಲ್ಲಿ ತುಂಬಿಟ್ಟ. ಚೀಟಿಯ ಮೇಲೆ ಕನ್ನಡದಲ್ಲಿ ಬರೆಯುತ್ತಿದ್ದ. ಅದನ್ನು ರಾಜುಗಾರು ತೆಲುಗಿನವರ ರೀತಿಯಲ್ಲಿ ಓದಲು ಪ್ರಯತ್ನಿಸಿ, ಅರ್ಧ ಓದಿ, ನಗುತ್ತಿದ್ದರು.

ಬಿಡಿಭಾಗ ಎಲ್ಲಿ ಸಿಗಬೇಕು? ಅಮೆರಿಕದಲ್ಲಿ ಈ ಜಾತಿಯ ಕಾರು ಇಟ್ಟುಕೊಂಡವರ ಸಂಘವೊಂದಿದೆ ಎಂದು ತಿಳಿದು ಪತ್ರ ಬರೆದ. ಐದು ಪತ್ರಕ್ಕೆ ಉತ್ತರವಿಲ್ಲ. ಆರನೆಯದಕ್ಕೆ ಕಾರಿನ ದುರಸ್ತಿ ಪುಸ್ತಕದ ಜೆರಾಕ್ಸ್ ಪ್ರತಿಯೇ ಬಂತು. ಬಂದರಿಗೆ ಬರುತ್ತಿದ್ದ ಹಡಗೊಂದರ ಅಧಿಕಾರಿಯ ಪರಿಚಯ ಮಾಡಿಕೊಂಡು ಎರಡೂ ಕಾರ್ಬೊರೇಟರುಗಳ ಒಳಸಾಮಾನು ತರಿಸಿದ. ಮಿಕ್ಕದ್ದೆಲ್ಲ ಇಲ್ಲೇ ಆಗಬೇಕಿತ್ತು. ಕಾರ್ಖಾನೆಯ ಲೇತಿನಲ್ಲಿ ಸ್ವಂತದ ಕೆಲಸ ಮಾಡಿಸಿಕೊಳ್ಳುವವರು ಬೇಕಾದಷ್ಟು ಮಂದಿ ಇದ್ದರು. ಹನುಮಂತನಿಗೆ ಅದು ಒಗ್ಗಲಿಲ್ಲ. ರಜೆ ಹಾಕಿ, ಸಾಮಾನನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು, ರೈಲಿನಲ್ಲಿ ವಿಜಯವಾಡದ ಆಟೋನಗರಕ್ಕೆ ಹೋಗುತ್ತಿದ್ದ. ಲಾರಿ, ಬಸ್ಸುಗಳ ಒಡಲನ್ನೇ ಹೊಸದಾಗಿ ಕಟ್ಟುವ ಊರು ಅದು. ಅಲ್ಲಿಯ ಲೇತಿನವರು ಅವನ ಸಾಮಾನು ಕಂಡು, "ಇದೇನು ಸಾರ್, ವಿಮಾನದ್ದಾ?" ಎನ್ನುತ್ತಿದ್ದರು. ಲಾರಿಯ ಪಿಸ್ಟನ್ ರಿಂಗನ್ನು ಸವೆಸಿ ಇದಕ್ಕೆ ಹೊಂದಿಸಿದ್ದೂ, ತಾಮ್ರದ ತಗಡು ಕತ್ತರಿಸಿ ಗ್ಯಾಸ್ಕೆಟ್ ಮಾಡಿಸಿದ್ದೂ ಅಲ್ಲಿಯೇ.

ರಾಜುಗಾರು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಯಾರಾದರೂ ಬಂದರೆ, "ನಮ್ಮ ಇಂಜಿನಿಯರುಗಾರು ಅವರ ಬಂಡಿ ರೆಡಿ ಮಾಡ್ಕೊಳ್ತಿದ್ದಾರೆ," ಎಂದು ತೆಲುಗಿನಲ್ಲಿ ಹೇಳುತ್ತಿದ್ದರು. ಅವರ ಬಂಡಿ. ಕಾರಿನ ಕೆಳಗೆ ಅಂಗಾತ ಮಲಗಿದ್ದ ಹನುಮಂತನ ಕಿವಿಗೆ ಆ ಮಾತು ಬೀಳುತ್ತಿತ್ತು. ಒಂದು ವರ್ಷ ಯುಗಾದಿಗೆ ಮೊದಲು ಅವರು ಗಿರಿಜಾಳಿಗೆ, "ಅಮ್ಮಾ, ಹಬ್ಬಕ್ಕೆ ಮೀಕು ಬಟ್ಟಲು ಪೆಟ್ಟಾಲಿ, ತಪ್ಪದೆ ಬನ್ನಿ," ಎಂದರು.

"ಬಟ್ಟಲಾ ಯಾಕ ಕೊಡ್ತಾರಂತ?" ಎಂದು ಗಿರಿಜಾ ದಾರಿಯುದ್ದಕ್ಕೂ ಕೇಳಿದಳು. "ನಮ್ಮನ್ಯಾಗ ಬಟ್ಟಲ ಇಲ್ಲಂತ ಯಾರ ಹೇಳಿದ್ರು? ನೀವೇನರ ಅಂದ್ರೇನು?"

ಹಬ್ಬದ ದಿನ ಅರಿಶಿನ ಕುಂಕುಮದ ಜೊತೆ ರೇಷ್ಮೆ ಸೀರೆ, ಪಂಚೆ, ಮಗುವಿಗೆ ಲಂಗದ ಬಟ್ಟೆ ಬಂದಾಗಲೇ ತೆಲುಗಿನಲ್ಲಿ ಬಟ್ಟಲು ಎಂದರೆ ಬಟ್ಟೆ ಎಂಬುದು ಅವಳಿಗೆ ಗೊತ್ತಾದದ್ದು. ಅವಳು ನಾಚಿಕೊಂಡಳು. ಹನುಮಂತ ಮಾತ್ರ ಅದರಿಂದ ಬೇರೆಯೇ ಪಾಠ ಕಲಿತ. ಈ ಜನ ಬಾಯಿಂದ ಆಡಿದ್ದನ್ನು ಕೈಯಿಂದ ಕೊಡುತ್ತಾರೆ.

1990ರಲ್ಲಿ ಇಂಜಿನ್ ಮೊದಲ ಸಲ ಹತ್ತಿಕೊಂಡಿತು. ಎಂಟೂ ಸಿಲಿಂಡರು ಒಟ್ಟಿಗೆ ಉಸಿರೆಳೆದ ಆ ಸದ್ದಿಗೆ ಬಂಗಲೆಯ ಸೂರಿನ ಪಾರಿವಾಳಗಳೆಲ್ಲ ಎದ್ದವು. ರಾಜುಗಾರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಇದೇ ಸಮಯವೆಂದು ಹನುಮಂತ ಕೈ ಒರೆಸಿಕೊಳ್ಳುತ್ತ, ಸುಮ್ಮನೆ ಕೇಳಿದವನ ಹಾಗೆ, "ಆರ್.ಸಿ. ಪುಸ್ತಕ ಇದೆಯಾ ಅಂಡಿ?" ಎಂದ.

"ಇದೆ, ಇದೆ. ಬೀರುವಿನಲ್ಲಿ ಭದ್ರವಾಗಿದೆ. ಯಾಕಂಡಿ? ಬಂಡಿ ಮೀದೇ ಕದಾ!"

ಅದಾದ ಮೇಲೆ ಇನ್ನೊಮ್ಮೆ ಕೇಳಲು ಬಾಯಿ ಬರಲಿಲ್ಲ. ನಿಮ್ಮದೇ ಎಂದು ಹೇಳಿದವರ ಮುಂದೆ ಕಾಗದ ಕೊಡಿ ಎನ್ನುವುದು ಅವರ ಮಾತನ್ನು ನಂಬಲಿಲ್ಲ ಎಂದಂತೆ. ಗಿರಿಜಾ ವರ್ಷಕ್ಕೆ ಎರಡು ಸಲವಾದರೂ ಎತ್ತುತ್ತಿದ್ದಳು.

"ಹೆಸರಿಗೆ ಮಾಡಿಸ್ಕೋರಿ. ಆ ಮನಷ್ಯಾಗ ವಯಸ್ಸಾತು."

"ಹಂಗ ಕೇಳಿದ್ರ ಚಲೋ ಕಾಣೂದಿಲ್ಲ."

"ಹತ್ತು ವರ್ಷ ಗೇಯೂದು ಚಲೋ ಕಾಣ್ತೈತಿ, ಒಂದು ಮಾತು ಕೇಳೂದು ಚಲೋ ಕಾಣೂದಿಲ್ಲ."

1995ರ ಮಳೆಗಾಲ ಕಳೆದ ಮೇಲೆ ಕಾರು ಪೂರ್ತಿ ಮುಗಿಯಿತು. ಆಟೋನಗರದಿಂದ ಬಂದ ಬಣ್ಣದವನು ಏಳು ಪದರ ಕೆಂಪು ಹಚ್ಚಿದ್ದ. ಮಡಚುವ ಕ್ಯಾನ್ವಾಸಿನ ಮೇಲುಹೊದಿಕೆ ಗುಂಡಿ ಒತ್ತಿದರೆ ತಾನಾಗಿ ಎದ್ದು, ಹಿಂದಕ್ಕೆ ಬಾಗಿ, ಒಳಗೆ ಕೂರುತ್ತಿತ್ತು. ಹನುಮಂತ ಹೆಂಡತಿ, ಮಗಳು, ರಾಜುಗಾರು ಮೂವರನ್ನೂ ಕೂರಿಸಿಕೊಂಡು ಋಷಿಕೊಂಡದ ದಾರಿಯಲ್ಲಿ ವಿಶಾಖಪಟ್ಟಣದ ಕಡೆ ಹೊರಟ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಡಲು. ಕಾಲಿನ ಹೆಬ್ಬೆರಳು ಸ್ವಲ್ಪ ಒತ್ತಿದರೆ ಸಾಕು, ಆ ಎರಡು ಟನ್ನಿನ ಗಾಡಿ ಬೆನ್ನಿಗೆ ಸೀಟನ್ನು ಒತ್ತಿ ಮುಂದಕ್ಕೆ ಹಾರುತ್ತಿತ್ತು. ಹನ್ನೆರಡು ವರ್ಷದ ವಾಸಂತಿ ಎದ್ದು ನಿಂತು ಕೂಗಾಡಿದಳು. ಗಿರಿಜಾ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು, ಭಯವೋ ಖುಷಿಯೋ ತಿಳಿಯದ ಮುಖ ಮಾಡಿಕೊಂಡಿದ್ದಳು. ಊರ ಹತ್ತಿರ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ಎಡಗಡೆಯ ಸ್ಟೀರಿಂಗ್ ಕಂಡು ಅವನಿಗೆ ಯಾರನ್ನು ಕೇಳಬೇಕೋ ತಿಳಿಯದೆ ಹಿಂದೆ ಕೂತಿದ್ದ ರಾಜುಗಾರನ್ನು ಗಾಡಿ ಯಾರದೆಂದು ಕೇಳಿದ. ರಾಜುಗಾರು ಹನುಮಂತನ ಕಡೆ ಬೆರಳು ಮಾಡಿದರು.

"ಬಂಡಿ ವಾರಿದೇನಯ್ಯಾ." ಗಾಡಿ ಅವರದೇ ಕಣಯ್ಯಾ.

ಮರುದಿನ ಹನುಮಂತ ಟೌನ್‌ಶಿಪ್ ಕಚೇರಿಗೆ ಹೋಗಿ ಕ್ವಾರ್ಟರ್ಸಿನ ಹಿಂದೆ ಕಾರಿನ ಶೆಡ್ಡಿಗೆ ಅರ್ಜಿ ಹಾಕಿದ. ಅರ್ಜಿಯಲ್ಲಿ ವಾಹನದ ಮಾಲೀಕರ ಹೆಸರು ಎಂಬಲ್ಲಿ ಸ್ವಲ್ಪ ಹೊತ್ತು ಪೆನ್ನು ನಿಂತಿತು. ಆಮೇಲೆ ತನ್ನ ಹೆಸರು ಬರೆದ. ಕಚೇರಿಯ ಜಯರಾಮ, ಮಂಡ್ಯದವನು, ಅದನ್ನು ಓದಿ ಇಡೀ ಕ್ಯಾಂಟೀನಿಗೆ ಹೇಳಿದ. "ಏನ್ ಸಾರ್ ಬಡಿಗೇರ್, ಬರೀ ಸ್ಕೂಟರ್ ಇಟ್ಕೊಂಡು ಹಡಗು ನಿಲ್ಲಿಸೋ ಜಾಗ ಕೇಳಿದ್ದೀರಂತೆ?" ಹನುಮಂತನಿಗೆ ಸಿಟ್ಟು ಬರಲಿಲ್ಲ. ಬರುವ ಸಂಕ್ರಾಂತಿಗೆ ಗಾಡಿ ತರುವೆ, ಆಗ ನೋಡು ಎಂದ.

ಆ ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ದಕ್ಷಿಣಾಮೂರ್ತಿ ರಾಜು ತೀರಿಕೊಂಡರು.

ಕರ್ಮಾಂತರಗಳೆಲ್ಲ ಮುಗಿದ ಮೇಲೆ ಅವರ ಮಗಳು ಭ್ರಮರಾಂಬ ಹನುಮಂತನನ್ನು ಕರೆಸಿಕೊಂಡಳು. ನಲವತ್ತರ ಹೆಂಗಸು, ಮಾತಿನಲ್ಲಿ ತಂದೆಯದೇ ಮೃದುತನ. ತಾನೇ ಎದ್ದು ಕುರ್ಚಿ ಎಳೆದು ಕೊಟ್ಟಳು. "ಅಪ್ಪಾಜಿಗೆ ಕಡೆಯ ಹತ್ತು ವರ್ಷ ಸಂತೋಷ ಅಂತ ಏನಾದರೂ ಇದ್ದರೆ ಅದು ನಿಮ್ಮಿಂದ ಅಂಡಿ," ಎಂದಳು. ಹನುಮಂತ ತಲೆ ತಗ್ಗಿಸಿದ. ಈಗ ಹೇಳುತ್ತಾಳೆ ಎಂದುಕೊಂಡ. ಬೀರುವಿನ ಕಡೆ ಕಣ್ಣು ಹೋಯಿತು.

"ವಿಜಯವಾಡದಲ್ಲಿ ನಾವು ಹೋಟೆಲು ಕಟ್ಟಿಸಿದ್ದೀವಿ. ಮಾರ್ಚಿಯಲ್ಲಿ ಪ್ರಾರಂಭೋತ್ಸವ. ಬಂಡಿಯನ್ನು ಬಾಗಿಲ ಮುಂದೆ ನಿಲ್ಲಿಸಬೇಕು ಅಂತ ಆಸೆ. ಆದರೆ ಅದನ್ನು ಓಡಿಸೋಕೆ ನಿಮ್ಮನ್ನು ಬಿಟ್ಟರೆ ಇನ್ಯಾರಿದ್ದಾರೆ? ನೀವೇ ತಂದುಕೊಡಬೇಕು. ಮೀ ಬಂಡೇ ಕದಂಡಿ."

ನಿಮ್ಮ ಗಾಡಿಯೇ ಅಲ್ಲವೇ. ಆದ್ದರಿಂದ ನೀವೇ ತಂದುಕೊಡಿ.

ಹನುಮಂತ ದಾರಿಯಲ್ಲಿ ಹತ್ತು ಸಲ ಮನಸ್ಸಿನಲ್ಲೇ ಅಂದುಕೊಂಡು ಬಂದಿದ್ದ ಮಾತನ್ನು ಕಷ್ಟಪಟ್ಟು ಹೊರಗೆ ತಂದ. "ನಿಮ್ಮ ತಂದೆಯವರು ಗಾಡಿ ವಿಷಯದಲ್ಲಿ ಒಂದು ಮಾತು ಹೇಳಿದ್ದರು..."

"ಹೇಳಿದ್ದರಾ ನಿಮಗೂ?" ಅವಳ ಕಣ್ಣು ತುಂಬಿತು. "ನನಗೂ ಆಸ್ಪತ್ರೆಯಲ್ಲಿ ಅದನ್ನೇ ಹೇಳಿದರು. ಏನಾದರೂ ಆಗಲಿ, ಬಂಡಿ ಮನೆ ಬಿಟ್ಟು ಹೋಗಬಾರದು ಅಂತ. ನಿಮ್ಮ ಹತ್ತಿರವೂ ಹೇಳಿದ್ದಾರೆ ನೋಡಿ. ಮೀರೂ ಮಾ ಇಂಟಿ ಮನಿಷೇ ಕದಂಡಿ."

ನೀವೂ ನಮ್ಮ ಮನೆಯ ಮನುಷ್ಯರೇ. ಹನುಮಂತ ಕಾಫಿ ಕುಡಿದು ಎದ್ದು ಬಂದ.

ಗಿರಿಜಾ ಎಲ್ಲವನ್ನೂ ಕೇಳಿ, ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿ, "ಮತ್ತ ನೀವೇನಂದ್ರಿ?" ಎಂದಳು.

"ತರ್ತೀನಿ ಅಂದೆ."

"ತರ್ತೀನಿ ಅಂದ್ರಿ." ಅವಳು ಮತ್ತೆ ರೊಟ್ಟಿ ತಟ್ಟತೊಡಗಿದಳು. "ನಂದು ಅಂತ ಒಂದ ಸಲನೂ ಬಾಯಾಗ ಬರ್ಲಿಲ್ಲ ಹಂಗಾರ."

ಮಾರ್ಚ್ ತಿಂಗಳ ಎರಡನೆಯ ವಾರ, ಬೆಳಗಿನ ತಂಪಿನಲ್ಲಿ ಅವನು ಹೊರಟ. ಪಕ್ಕದಲ್ಲಿ ಭ್ರಮರಾಂಬ ಕಳಿಸಿದ್ದ ಡ್ರೈವರ್ ಕೋಟೇಶ್ವರರಾವು. ಇಪ್ಪತ್ತು ವರ್ಷ ಲಾರಿ ಓಡಿಸಿದವನು, ಈ ಗಾಡಿಯನ್ನು ಕಲಿಯಲು ಬಂದಿದ್ದ. ಸ್ಟೀರಿಂಗ್ ಎಡಕ್ಕಿದ್ದುದರಿಂದ ಮುಂದಿನ ಲಾರಿಯನ್ನು ಹಿಂದೆ ಹಾಕುವಾಗ ಹನುಮಂತನಿಗೆ ಎದುರಿನ ದಾರಿ ಕಾಣುತ್ತಿರಲಿಲ್ಲ. ಬಲಗಡೆ ಕೂತ ಕೋಟೇಶ್ವರರಾವು ಕತ್ತು ಹೊರಗೆ ಹಾಕಿ, "ಬಸ್ಸು, ಬಸ್ಸು, ಇರಿ... ಹ್ಞಾ, ಖಾಲಿ, ಹೊಡೀರಿ ಸಾರ್!" ಎನ್ನುತ್ತಿದ್ದ. ತುನಿ, ಅನ್ನವರಂ, ಗೋದಾವರಿಯ ಸೇತುವೆ. ನಿಂತಲ್ಲೆಲ್ಲ ಜನ ಮುತ್ತಿದರು. ಒಬ್ಬ ಮುದುಕ ಕಾರಿನ ರೆಕ್ಕೆ ಮುಟ್ಟಿ ಕಣ್ಣಿಗೊತ್ತಿಕೊಂಡ. ಹನುಮಾನ್ ಜಂಕ್ಷನ್ನಿನಲ್ಲಿ ಕೋಟೇಶ್ವರರಾವು, "ಸಾರ್, ಊರಿಗೇ ನಿಮ್ಮ ಹೆಸರಿಟ್ಟಿದ್ದಾರೆ, ಇಳಿದು ಟೀ ಕುಡಿಯದೆ ಹೋದರೆ ಬೇಜಾರಾಗ್ತಾರೆ," ಎಂದ. ಹನುಮಂತನಿಗೂ ನಗು ಬಂತು. ಅಷ್ಟು ದೂರ ಆ ಗಾಡಿಯನ್ನು ಓಡಿಸಿದ್ದು ಅದೇ ಮೊದಲು. ಒಂದು ಕಡೆಯೂ ಕೆಮ್ಮಲಿಲ್ಲ, ಕಾಯಲಿಲ್ಲ. ಮಾಡಿದ ಕೆಲಸ ಚೆನ್ನಾಗಿದೆ ಎಂದು ತಿಳಿಯುವುದಕ್ಕೆ ಅದನ್ನು ಬೇರೆಯವರಿಗೆ ಒಪ್ಪಿಸುವ ದಾರಿಯೇ ಬೇಕಾಯಿತು.

ಹೋಟೆಲು ಮೊಗಲರಾಜಪುರದ ಗುಡ್ಡದ ಬುಡದಲ್ಲಿತ್ತು. ರಸ್ತೆಯಿಂದ ಬಾಗಿಲವರೆಗೆ ಸಿಮೆಂಟಿನ ಏರು. ಆ ಏರಿನ ತುದಿಯಲ್ಲಿ, ಇಳಿಜಾರಿನ ಮೇಲೆಯೇ, ಬಾಗಿಲಿಗೆ ಮುಖ ಮಾಡಿ, ಕಾರು ನಿಲ್ಲಿಸಲು ಜಾಗ ಮಾಡಿದ್ದರು.

ಮರುದಿನ ಪ್ರಾರಂಭೋತ್ಸವ. ಪೂಜೆ ಮುಗಿದು ಊಟಕ್ಕೆ ಮೊದಲು ಅತಿಥಿಗಳೆಲ್ಲ ಕಾರಿನ ಸುತ್ತ ನೆರೆದರು. ಹನುಮಂತ ಭ್ರಮರಾಂಬ ಕೊಟ್ಟ ಹೊಸ ಪಂಚೆ, ಶಲ್ಯದಲ್ಲಿ, ಬಾನೆಟ್ಟಿನ ಪಕ್ಕ ನಿಂತಿದ್ದ. ಯಾರಾದರೂ ಕೇಳಿದರೆ ಹೇಳೋಣವೆಂದು ಇಂಜಿನ್ನಿನ ವಿವರಗಳನ್ನು ತೆಲುಗಿನಲ್ಲಿ ಮನಸ್ಸಿನೊಳಗೆ ಜೋಡಿಸಿಕೊಂಡಿದ್ದ. ಗುಂಟೂರಿನ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರು, ಬೆರಳಿಗೆ ನಾಲ್ಕು ಉಂಗುರದವರು, ಕಾರನ್ನು ಒಂದು ಸುತ್ತು ಹಾಕಿ ಗಟ್ಟಿಯಾಗಿ ಕೇಳಿದರು.

"ಎವರಿದಂಡಿ ಈ ಬಂಡಿ?" ಯಾರದು ಈ ಗಾಡಿ?

ಭ್ರಮರಾಂಬ ಎರಡೂ ಕೈ ಜೋಡಿಸಿ, ನಗುತ್ತ, "ಮೀದೇನಂಡಿ!" ಎಂದಳು. ನಿಮ್ಮದೇ!

"ಹಾಗಾದರೆ ಸಾಯಂಕಾಲ ತಗೊಂಡು ಹೋಗ್ತೀನಿ!" ಎಂದರು ವ್ಯಾಪಾರಿ.

ಎಲ್ಲರೂ ನಕ್ಕರು. ಅವರೂ ನಕ್ಕರು, ಉಂಗುರದ ಕೈಯಿಂದ ಕಾರಿನ ಬಾಗಿಲನ್ನು ಎರಡು ಸಲ ತಟ್ಟಿ ಊಟಕ್ಕೆ ಹೋದರು. ಹಿಂದೆಯೇ ಇನ್ನೊಬ್ಬರು ಅದನ್ನೇ ಕೇಳಿದರು. ಅವರಿಗೂ ಅದೇ ಉತ್ತರ, ಅದೇ ಜೋಡಿಸಿದ ಕೈ.

ಹನುಮಂತ ನಗುತ್ತಿದ್ದವರ ನಡುವೆ ನಿಂತು ತಾನೂ ಹಲ್ಲು ತೋರಿಸಿದ. ಗುಂಟೂರಿನವರಿಗೆ ಒಂದು ಕ್ಷಣದಲ್ಲಿ ಅರ್ಥವಾದದ್ದು ತನಗೆ ಹನ್ನೊಂದು ವರ್ಷ ಅರ್ಥವಾಗಲಿಲ್ಲ. ಮೋಸ ಮಾಡಿದರು ಎನ್ನೋಣವೆಂದರೆ ಯಾರೂ ಮೋಸ ಮಾಡಿರಲಿಲ್ಲ. ರಾಜುಗಾರು ಅಂದುಕೊಳ್ಳಿ ಎಂದಿದ್ದರು, ಇವನು ಅಂದುಕೊಂಡಿದ್ದ. ಅವರು ತಾಂಬೂಲ ಕೊಟ್ಟ ಹಾಗೆ ಮಾತು ಕೊಟ್ಟಿದ್ದರು. ಅದನ್ನು ಬಾಯಿಗೆ ಹಾಕಿಕೊಂಡು ಸುಮ್ಮನಾಗುವ ಬದಲು ಇವನು ಮನೆ ಕಟ್ಟಲು ಹೊರಟಿದ್ದ. ಗಿರಿಜಾ ಮೊದಲ ದಿನವೇ ಬಸ್ಸಿನಲ್ಲಿ ಹೇಳಿದ್ದಳು. ಇಷ್ಟೆಲ್ಲ ತಿಳಿದೂ ಸಿಟ್ಟು ಇಳಿಯಲಿಲ್ಲ. ಮಾತು ಸುಳ್ಳಲ್ಲದಿದ್ದರೆ ಸಿಟ್ಟನ್ನು ಯಾರ ಮೇಲೆ ತೀರಿಸಬೇಕು?

ಊಟದ ನಂತರ ಕೋಟೇಶ್ವರರಾವು ಕಡೆಯ ಪಾಠಕ್ಕೆ ಬಂದ. ಹನುಮಂತ ಒಂದೊಂದನ್ನೇ ತೋರಿಸಿದ. ಯಾವ ಗುಂಡಿಗೆ ಯಾವ ಗೇರು. ತಣ್ಣಗಿರುವಾಗ ಪೆಡಲನ್ನು ಎಷ್ಟು ಸಲ ಒತ್ತಬೇಕು. ಮೇಲುಹೊದಿಕೆ ಅರ್ಧಕ್ಕೆ ನಿಂತರೆ ಏನು ಮಾಡಬೇಕು. ಡ್ರೈವರ್ ಕೇಳಿದ, "ಹ್ಯಾಂಡ್ ಬ್ರೇಕು?"

ಡ್ಯಾಶ್‌ಬೋರ್ಡಿನ ಕೆಳಗಿನ ಹಿಡಿಯನ್ನು ತೋರಿಸಿದ. "ಇದು. ಎಳೆದರೆ ಆಯಿತು."

ಎಳೆದರೆ ಆಗುತ್ತಿರಲಿಲ್ಲ. ಆ ಬ್ರೇಕಿನ ಪಟ್ಟಿಯನ್ನು ಹನುಮಂತ ತಾನೇ ಕತ್ತರಿಸಿ ಕೂಡಿಸಿದ್ದ. ಮೂರು ಸಲ ಟಕ್ ಎನ್ನುವಷ್ಟು ಎಳೆದರೆ ಬಿಗಿಯಾಯಿತೆಂದು ಕೈಗೆ ಅನ್ನಿಸುತ್ತದೆ. ಸಮತಟ್ಟಿನಲ್ಲಿ ಅಷ್ಟು ಸಾಕು. ಇಳಿಜಾರಿನಲ್ಲಿ ಜೀವ ಬಿಟ್ಟು ಐದನೆಯ ಟಕ್ಕಿನವರೆಗೆ ಎಳೆಯಬೇಕು. ಇಲ್ಲದಿದ್ದರೆ ಹೊತ್ತು ಕಳೆದ ಹಾಗೆ ಹಿಡಿತ ಸಡಿಲುತ್ತದೆ. ಬೇರೆ ಕಾರಾದರೆ ಗೇರಿನಲ್ಲಿ ಬಿಟ್ಟು ನಿಲ್ಲಿಸಬಹುದು. ಇಂಜಿನ್ ಆರಿದ ಮೇಲೆ ಇದರಲ್ಲಿ ಗೇರೇ ಇಲ್ಲ, ಗಾಲಿ ಬಿಡುಗಡೆಯಾಗಿರುತ್ತದೆ. ಇದು ಲೋಕದಲ್ಲಿ ಅವನೊಬ್ಬನಿಗೇ ಗೊತ್ತಿದ್ದ ವಿಷಯ. ಬಾಯಿಯವರೆಗೆ ಬಂತು. ಅವನು ಅದನ್ನು ನುಂಗಿದ.

ಹಿಡಿಯನ್ನು ಬಿಟ್ಟು, ಮತ್ತೆ ಮೂರು ಟಕ್ಕಿನವರೆಗೆ ಎಳೆದು, "ಅಷ್ಟೇನಾ ಸಾರ್?" ಎಂದ ಕೋಟೇಶ್ವರರಾವು.

"ಅಷ್ಟೇ."

ಭ್ರಮರಾಂಬ ಸ್ಟೇಷನ್ನಿಗೆ ಆಟೋ ಮಾಡಿಸಿಕೊಟ್ಟಳು. ತಿರುವಿನಲ್ಲಿ ಅವನು ತಿರುಗಿ ನೋಡಿದ. ಏರಿನ ತುದಿಯಲ್ಲಿ ಕೆಂಪು ಕಾರು. ಅದರ ಹಿಂದೆ, ಇಳಿಜಾರಿನಲ್ಲಿ, ಅತಿಥಿಗಳ ಮಕ್ಕಳು ನಾಲ್ಕೈದು ಜನ ರೆಕ್ಕೆಗಳಿಗೆ ಆತುಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ವಿಶಾಖಪಟ್ಟಣದ ರೈಲು ಮಧ್ಯಾಹ್ನ ಹೊರಟಿತು. ಕಿಟಕಿಯ ಪಕ್ಕ ಕೂತ ಹನುಮಂತನಿಗೆ ಮೊದಲ ಅರ್ಧ ಗಂಟೆ ಹಾಯೆನಿಸಿತು. ಉರುಳಲಿ. ರಸ್ತೆಗೆ ಇಳಿದು ಎದುರು ಗೋಡೆಗೆ ಬಡಿಯಲಿ. ರೆಕ್ಕೆ ಮುರಿಯಲಿ. ಆಮೇಲೆ ಯಾರಾದರೂ ಯಾರದೆಂದು ಕೇಳಿದರೆ ಆ ಹೆಂಗಸು ಏನೆನ್ನುತ್ತಾಳೋ ನೋಡೋಣ. ಗನ್ನವರಂ ದಾಟಿತು. ಹೊಲದಲ್ಲಿ ಹುಡುಗಿಯೊಬ್ಬಳು ರೈಲಿಗೆ ಕೈ ಬೀಸಿದಳು. ಹನುಮಂತನಿಗೆ ಥಟ್ಟನೆ ಆ ಮಕ್ಕಳು ಕಣ್ಣ ಮುಂದೆ ಬಂದವು. ರೆಕ್ಕೆಗೆ ಆತುಕೊಂಡದ್ದು. ಕಾರು ಹಿಂದಕ್ಕೆ ಉರುಳುತ್ತದೆ. ಹಿಂದೆ ಇರುವುದು ಮಕ್ಕಳು. ಎರಡು ಟನ್ನು. ಮೂರು ಟಕ್ಕು.

ಸರಪಳಿ ಎಳೆಯೋಣವೇ ಎಂದು ಎದ್ದ. ಇಲ್ಲಿ ಬಯಲಿನಲ್ಲಿ ಇಳಿದು ಮಾಡುವುದೇನು? ಕೂತ. ಮತ್ತೆ ಎದ್ದು ಬಾಗಿಲಲ್ಲಿ ಹೋಗಿ ನಿಂತ. ಏಲೂರಿನಲ್ಲಿ ರೈಲು ನಿಲ್ಲುವ ಮೊದಲೇ ಹಾರಿದ. ಚೀಲ ಸೀಟಿನ ಮೇಲೇ ಉಳಿಯಿತು. ಸ್ಟೇಷನ್ನಿನ ಹೊರಗೆ ಎಸ್.ಟಿ.ಡಿ. ಬೂತು. ಒಳಗೆ ಒಬ್ಬ ಮದುವೆಯ ಮಾತುಕತೆ ನಡೆಸುತ್ತಿದ್ದ. "ಅಣ್ಣಾ, ಪ್ರಾಣ ಹೋಗೋ ವಿಷಯ," ಎಂದು ಹನುಮಂತ ಅವನ ಕೈಯಿಂದ ಫೋನು ಕಿತ್ತುಕೊಂಡ ಹಾಗೆಯೇ ತೆಗೆದುಕೊಂಡ. ಎರಡು ಸಲ ಎಂಗೇಜ್. ಮೂರನೆಯ ಸಲ ಹತ್ತಿತು. ಹೋಟೆಲಿನವರು ಡ್ರೈವರನ್ನು ಕರೆಯಲು ಹೋದರು. ಆ ಹೊತ್ತಿನಲ್ಲಿ ಅವನ ಕಿವಿಗೆ ಅಲ್ಲಿಯ ಗದ್ದಲ ಕೇಳುತ್ತಿತ್ತು. ಅದು ನಗುವೋ ಕೂಗಾಟವೋ ತಿಳಿಯಲಿಲ್ಲ.

"ಚೆಪ್ಪಂಡಿ ಸಾರ್!" ಹೇಳಿ ಸಾರ್ ಎಂದದ್ದು ಕೋಟೇಶ್ವರರಾವಿನ ಗಂಟಲು.

"ಗಾಡಿ... ಗಾಡಿ ಎಲ್ಲಿದೆ? ಮಕ್ಕಳನ್ನ ದೂರ ಕಳಿಸು. ಹ್ಯಾಂಡ್ ಬ್ರೇಕು ಐದು ಸಲ ಟಕ್ ಅನ್ನೋ ತನಕ ಎಳೀಬೇಕು. ಮೂರಕ್ಕೆ ನಿಲ್ಲೋದಿಲ್ಲ. ನಾನು ಹೇಳಲಿಲ್ಲ ನಿನಗೆ, ನಾನು..."

ಆ ಕಡೆ ಕೋಟೇಶ್ವರರಾವು ನಕ್ಕ. "ಇದಕ್ಕಾ ಸಾರ್ ಫೋನು? ನೀವು ಆಟೋ ಹತ್ತೋ ಮೊದಲೇ ಹಿಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಟ್ಟಾಯ್ತು. ನಾವು ಲಾರಿಯವರು ಸಾರ್, ಬ್ರೇಕನ್ನ ಎಲ್ಲಿ ನಂಬ್ತೀವಿ? ಇಳಿಜಾರು ಕಂಡರೆ ಕಲ್ಲು. ಹಿಡಿ ಎಳೆದಾಗಲೇ ಕೈಗೆ ಗೊತ್ತಾಯ್ತು, ಇದು ಕಳ್ಳ ಬ್ರೇಕು ಅಂತ." ಸ್ವಲ್ಪ ತಡೆದು, ಹಿರಿಯರಿಗೆ ಸಮಾಧಾನ ಹೇಳುವ ಧ್ವನಿಯಲ್ಲಿ, "ಮರ್ಚಿಪೋಯಾರೇಮೋ ಅನುಕುನ್ನಾನು," ಎಂದ. ಮರೆತಿರಬೇಕು ಅಂದುಕೊಂಡೆ.

ಹನುಮಂತ ಹ್ಞೂಂ ಎಂದ. ಮರೆತಿದ್ದೆ ಎಂದ. ಫೋನು ಇಟ್ಟ.

ಮಕ್ಕಳಿಗೆ ಏನೂ ಆಗಲಿಲ್ಲವೆಂಬ ಸಮಾಧಾನ ಬರಬೇಕಿತ್ತು, ಬಂತು ಕೂಡ. ಅದರ ಹಿಂದೆಯೇ ಇನ್ನೊಂದೂ ಬಂತು. ಹನ್ನೊಂದು ವರ್ಷ ಕೂಡಿಟ್ಟ ವಿದ್ಯೆಯಲ್ಲಿ ತನ್ನದೆಂದು ಉಳಿದಿದ್ದ ಕಡೆಯ ಒಂದು ಗುಟ್ಟಿಗೆ ರಸ್ತೆಬದಿಯ ಎರಡು ಕಲ್ಲಿನ ಬೆಲೆಯೂ ಇರಲಿಲ್ಲ. ಕೆಟ್ಟದ್ದು ಮಾಡಲು ಹೋಗಿ ಅದೂ ತನ್ನಿಂದ ಆಗಲಿಲ್ಲ. ಮಾಡಲು ಹೋಗಿದ್ದನೆಂಬುದು ಮಾತ್ರ ಇನ್ನು ತನ್ನ ಜೊತೆ ಬರುತ್ತದೆ, ವಿಶಾಖಪಟ್ಟಣದವರೆಗೆ, ಅಲ್ಲಿಂದ ಮುಂದೆಯೂ.

ಬೂತಿನ ಹೆಂಗಸು ಇನ್ನೊಂದು ಕಾಲ್ ಇದೆಯಾ ಎಂದು ಕೇಳಿದಳು. ಮದುವೆಯ ಮಾತಿನವನು ಹೊರಗೆ ಗುರುಗುಟ್ಟುತ್ತಿದ್ದ. ಹನುಮಂತ ಮನೆಯ ನಂಬರು ಒತ್ತಿದ. ವಾಸಂತಿ ಎತ್ತಿಕೊಂಡಳು.

"ಅಪ್ಪಾ, ಎಲ್ಲಿದೀರಿ? ಗಾಡಿ ಏನಾತು? ಅವರ ಇಟ್ಕೊಂಡ್ರಾ?"

"ಇಟ್ಕೊಂಡ್ರವಾ. ಅವರದ ಅಲ್ಲೇನು ಅದು."

ಹಿಂದೆ ಗಿರಿಜಾ ಏನೋ ಕೇಳಿದ್ದು, ವಾಸಂತಿ ಫೋನಿನ ಮೇಲೆ ಕೈ ಮುಚ್ಚಿ ಉತ್ತರ ಕೊಟ್ಟದ್ದು ಕೇಳಿಸಿತು.

"ಅವ್ವ ಕೇಳಾಕತ್ತಾಳ, ಊಟಕ್ಕ ಬರ್ತೀರೇನು?"

"ಇಲ್ಲ. ನೀವು ಉಣ್ರಿ. ಏಲೂರಿನ್ಯಾಗ ಇಳದೀನಿ, ರೈಲು ಹೋತು."

"ಏಲೂರಿನ್ಯಾಗ ಯಾಕ ಇಳಿದ್ರಿ?"

ಹನುಮಂತ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಹೊರಗೆ ನಿಂತವನು ಗಾಜು ಬಡಿದ.